ಏನನ್ನೂ ಸೇರಿಸದ ಡಬ್ಬಿ

೨೦೧೬ನೇ ಇಸವಿಯ ಬೇಸಿಗೆ. ಬೀದರಿನ ಹಳೇ ಊರಿನಲ್ಲಿ ನಾನು ಸ್ಪೀಕರ್, ಆಂಪ್ಲಿಫೈಯರ್ ದುರಸ್ತಿಯ ಅಂಗಡಿ ನಡೆಸುತ್ತಿದ್ದ ಕಾಲ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವನು ನಾನು. ಸುಟ್ಟ ಸ್ಪೀಕರಿಗೆ ಹೊಸ ಕಾಯಿಲ್ ಕೂರಿಸುವುದು, ಮದುವೆ ಮೆರವಣಿಗೆಯ ಬರಾತಿನ ಡಿಜೆಗಳಿಗೆ ಬಾಕ್ಸ್ ಮಾಡಿಕೊಡುವುದು, ಮಸೀದಿ, ಮಠ, ಬುದ್ಧ ವಿಹಾರ, ಚರ್ಚು ಎನ್ನದೆ ಎಲ್ಲ ಕಡೆಯ ಮೈಕ್ ಸೆಟ್ಟುಗಳ ಕರಕರೆ ಬಿಡಿಸುವುದು ನನ್ನ ಹೊಟ್ಟೆಪಾಡು. "ಶಿಂದೆ ಕಡೆ ಹೋಗ್ರಿ, ಕೆಲಸ ಬೇಷ್ ಮಾಡ್ತಾನ, ಆದ್ರ ಬೈಸ್ಕೊಂಡ ಬರಬೇಕಾಗ್ತದ" ಎಂದು ನನ್ನ ಗಿರಾಕಿಗಳೇ ಹೊಸ ಗಿರಾಕಿಗಳಿಗೆ ಹೇಳಿ ಕಳಿಸುತ್ತಿದ್ದರು. ಸುಳ್ಳೇನಲ್ಲ. ಕೆಲಸ ಗೊತ್ತಿಲ್ಲದವನು ಕೆಲಸದ ಬಗ್ಗೆ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮಳೆ ಸಾಲಾಗಿ ಕೈಕೊಟ್ಟ ವರ್ಷಗಳು ಅವು. ಕಾರಂಜಾ ಜಲಾಶಯದ ತಳದ ಮಣ್ಣು ಬಿರುಕು ಬಿಟ್ಟಿತ್ತು. ಟ್ಯಾಂಕರ್ ಬಂದ ದಿನ ಅಂಗಡಿಗೆ ಕೀಲಿ ಹಾಕಿ ಕೊಡ ಹಿಡಿದು ನಿಲ್ಲಬೇಕಿತ್ತು. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಜನ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನನಗೆ ವರ್ಷಗಟ್ಟಲೆ ಬಾಕ್ಸ್ ಕೂಡಿಸಿ ಕೊಡುತ್ತಿದ್ದ ಬಡಿಗನೂ ಒಂದು ದಿನ ಉಳಿ, ಗರಗಸ ಚೀಲಕ್ಕೆ ಹಾಕಿಕೊಂಡು ಹೈದರಾಬಾದಿನ ಬಸ್ಸು ಹತ್ತಿದ. ಒಂದು ಮಾತು ಹೇಳಿ ಹೋಗಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಯಾಕೆಂದರೆ ಮುಂದಿನ ತಂಟೆಯೆಲ್ಲ ಶುರುವಾದದ್ದು ಅವನು ಹೋದದ್ದರಿಂದ.

ಮಾರ್ಚ್ ತಿಂಗಳಲ್ಲಿ ಜಯಶೀಲಾ ಬಂದರು. ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೆಥಡಿಸ್ಟ್ ಮನೆತನ. ಅವರ ಊರು ಔರಾದ ತಾಲೂಕಿನಲ್ಲಿ, ಚಿಂತಾಕಿ ಕಡೆ ಹೋಗುವ ದಾರಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಜಗಳ ಮಾಡಿದವರ ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಮಿಶನರಿಗಳ ಕಾಲದ ಕಲ್ಲಿನ ಚರ್ಚೊಂದು ಅಲ್ಲಿದೆ. ಪ್ರತಿ ಐತವಾರ ಈ ಹೆಣ್ಣುಮಗಳು ಬೆನ್ನಿಗೆ ಗಿಟಾರ್ ಹಾಕಿಕೊಂಡು ಭಾಲ್ಕಿಯಿಂದ ಅಲ್ಲಿಗೆ ಹೋಗಿ ಆರಾಧನೆಯ ಹಾಡುಗಳಿಗೆ ನುಡಿಸಿ ಬರುತ್ತಿದ್ದರು.

ಬಂದವರೇ ನನ್ನ ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ಇಟ್ಟರು. ಕಾಲಿನಿಂದ ಒತ್ತುವ ಮೂರು ಗುಂಡಿಗಳು, ಒಂದು ಸಣ್ಣ ಪರದೆ. ಅದರ ಹೆಸರು ಮಾಡೆಲರ್. ಓದುಗರಿಗೆ ಇಲ್ಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗೆ ತನ್ನದೇ ಆದ ದನಿ ಬಹಳ ಕಡಿಮೆ. ಅದನ್ನು ಆಂಪ್ಲಿಫೈಯರಿಗೆ, ಅಲ್ಲಿಂದ ಗಿಟಾರಿಗೆಂದೇ ಮಾಡಿದ ಸ್ಪೀಕರ್ ಡಬ್ಬಿಗೆ ಕೊಟ್ಟಾಗ ನಾವು ಕೇಳುವ ಗಿಟಾರ್ ಹುಟ್ಟುತ್ತದೆ. ಆ ಡಬ್ಬಿ ತನ್ನ ಬಣ್ಣವನ್ನು ಬೇಕಾದಷ್ಟು ಬಳಿಯುತ್ತದೆ. ಮಾಡೆಲರ್ ಎಂಬುದು ಆ ಆಂಪ್ಲಿಫೈಯರ್, ಆ ಡಬ್ಬಿ, ಅದರ ಮುಂದಿಟ್ಟ ಮೈಕು, ಎಲ್ಲವನ್ನೂ ಲೆಕ್ಕ ಹಾಕಿ ನಕಲು ಮಾಡುವ ಒಂದು ಕಂಪ್ಯೂಟರ್. ಬಣ್ಣ ಬಳಿಯುವ ಕೆಲಸ ಅದರೊಳಗೇ ಮುಗಿದಿರುವುದರಿಂದ ಮುಂದಿನ ಸ್ಪೀಕರ್ ಡಬ್ಬಿ ತನ್ನದೇನನ್ನೂ ಸೇರಿಸಬಾರದು. ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲವನ್ನೂ ಕೊಟ್ಟ ಹಾಗೇ ಹೊರಗೆ ಬಿಡಬೇಕು. ಇದಕ್ಕೆ ಫುಲ್ ರೇಂಜ್, ಫ್ಲಾಟ್ ರೆಸ್ಪಾನ್ಸ್ ಎನ್ನುತ್ತಾರೆ.

"ಮನ್ಯಾಗ ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರ ಎಷ್ಟ ಛಂದ ಅದರಿ. ಚರ್ಚಿನ ಹಾರ್ನ್ ಸ್ಪೀಕರಿಗೆ ಹಚ್ಚಿದ್ರ ತಗಡ ಬಡದಂಗ ಆಗ್ತದ" ಎಂದರು.

"ಹಾರ್ನಿಗೆ ಹಚ್ಚಿದ್ರ ಮತ್ತೇನ್ ಆಗ್ತದ? ಯಾರ ತಲಿ ಅದು, ಒಳಗ ಆರಾಧನಾಕ್ಕ ಹಾರ್ನ್ ಇಡೋದು?"

ತಲೆ ದೇವದಾಸಪ್ಪ ಎಂಬುವರದು. ಸಭೆಯ ಹಿರಿಯರು, ಕಮಿಟಿಯ ಯಜಮಾನರು, ಒಂದು ಕಾಲದಲ್ಲಿ ಸಾರಿಗೆ ಬಸ್ಸಿನ ಕಂಡಕ್ಟರ್. ಆ ಹಾರ್ನ್ ಸೆಟ್ಟು ಅವರೇ ಕೊಟ್ಟದ್ದು. ಅದರ ಮೇಲೆ ಕೆಂಪು ಬಣ್ಣದಲ್ಲಿ "ದೇವದಾಸಪ್ಪನವರ ಕಾಣಿಕೆ" ಎಂದು ಬರೆಸಿದ್ದರು. ಗಿಟಾರ್ ಕೆಟ್ಟದಾಗಿ ಕೇಳಿಸುತ್ತದೆ ಎಂದರೆ ಅವರ ಕಾಣಿಕೆಯನ್ನೇ ಹಳಿದ ಹಾಗೆ. ಹೀಗಾಗಿ ಅವರ ಪ್ರಕಾರ ತಪ್ಪು ಗಿಟಾರಿನದು. ಹಾರ್ಮೋನಿಯಂ ಪೇಟಿ ಬಾರಿಸುವವರು ದುಡಿಯಲು ಪುಣೆಗೆ ಹೋದ ಮೇಲೆ ಹಾಡಿಗೆ ಇದ್ದದ್ದು ಈ ಗಿಟಾರ್ ಒಂದೇ. ಅದನ್ನೂ ಹೊರಗೆ ಹಾಕಬೇಕೆಂದು ಅವರು ಪಟ್ಟು ಹಿಡಿದಿದ್ದರು.

"ಮೇ ತಿಂಗಳ ಕಡಿ ಐತವಾರ ಚರ್ಚಿನ ವಾರ್ಷಿಕೋತ್ಸವ ಅದರಿ. ದುಡಿಲಿಕ್ಕ ಹೋದವ್ರೆಲ್ಲ ಅವತ್ತ ಊರಿಗೆ ಬರ್ತಾರ. ಅವತ್ತ ಗಿಟಾರ್ ಮತ್ತ ಗೊರಗೊರ ಅಂದ್ರ ಇನ್ನ ಎಂದೂ ಒಳಗ ತರಬಾರ್ದು ಅಂತ ಕಮಿಟಿಯವ್ರು ಅಂದಾರ. ನಮ್ಮಪ್ಪ ನಿಂತು ಹಾಡಸ್ತಿದ್ದ ಜಾಗಾ ಅದು. ನಾ ಬಿಡಾಕಿ ಅಲ್ರಿ. ನೀವು ಡಬ್ಬಿ ಮಾಡ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಆ ಮಾತಿನ ಗತ್ತು ನೋಡಿ ನನಗೆ ಸಿಟ್ಟು ಬಂತು. ಆದರೆ ಒಪ್ಪಿಕೊಂಡೆ. ಏನನ್ನೂ ಸೇರಿಸದ ಡಬ್ಬಿ ಮಾಡಿಕೊಡಿ ಎಂದು ಅಲ್ಲಿಯವರೆಗೆ ಒಬ್ಬ ಗಿರಾಕಿಯೂ ನನ್ನನ್ನು ಕೇಳಿರಲಿಲ್ಲ. ಬೀದರಿನಲ್ಲಿ ಬಾಕ್ಸ್ ಕೊಳ್ಳಲು ಬಂದವನು ಅದರ ನೆತ್ತಿಯ ಮೇಲೆ ಅಂಗೈ ಇಡುತ್ತಾನೆ. ಅಂಗೈ ಜುಮ್ಮೆಂದರೆ ಬಾಕ್ಸ್ ಚಲೋ, ಇಲ್ಲದಿದ್ದರೆ ದಂಡ. ಜುಮ್ಮೆನ್ನುವುದು ಹಲಗೆ ಅದುರುವುದರಿಂದ, ಹಲಗೆ ಅದುರಿದರೆ ಬಾಕ್ಸ್ ಸುಳ್ಳು ಹೇಳುತ್ತಿದೆ ಎಂದು ಅರ್ಥ. ಅವರು ಹಣ ಕೊಡುತ್ತಿದ್ದದ್ದೇ ಆ ಸುಳ್ಳಿಗೆ.

ವಿನ್ಯಾಸದ ಮೇಲೆ ನಾವಿಬ್ಬರೂ ಎರಡು ವಾರ ಕಚ್ಚಾಡಿದೆವು. ಅವರು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ಹದಿನೈದು ಇಂಚಿನ ಸ್ಪೀಕರ್ ಬೇಕೆಂದರು. ನಾನು ಹನ್ನೆರಡು ಇಂಚಿನ ಕೋಆಕ್ಸಿಯಲ್ ಎಂದೆ. ಅಂದರೆ ಕೆಳಸ್ವರದ ಕಾಗದದ ಕೋನು, ಮೇಲುಸ್ವರದ ಡ್ರೈವರ್ ಎರಡೂ ಒಂದೇ ನಡುವಿನಲ್ಲಿ ಕೂತಿರುವ ಸ್ಪೀಕರ್. ಮುಂದೆ ಕೂತವನಿಗೂ ಮೂಲೆಯಲ್ಲಿ ಕೂತವನಿಗೂ ಒಂದೇ ದನಿ ಮುಟ್ಟುತ್ತದೆ. ಕೊನೆಗೆ ನನ್ನ ಮಾತೇ ನಡೆಯಿತು. ಹದಿನೆಂಟು ಮಿಲಿಮೀಟರ್ ಪ್ಲೈವುಡ್, ಒಳಗೆ ನಲವತ್ತೈದು ಲೀಟರ್ ಗಾಳಿ. ಆ ಗಾಳಿ ಉಸಿರಾಡಲು ನಾಲ್ಕು ಇಂಚಿನ ಪಿವಿಸಿ ಪೈಪಿನ ಹತ್ತು ಸೆಂಟಿಮೀಟರ್ ತುಂಡು. ಗಿಟಾರಿನ ಅತ್ಯಂತ ದಪ್ಪ ತಂತಿ ಎಂಬತ್ತೆರಡು ಹರ್ಟ್ಸ್‌ನಲ್ಲಿ ನುಡಿಯುತ್ತದೆ, ಅಂದರೆ ಸೆಕೆಂಡಿಗೆ ಅಷ್ಟು ಸಲ ಅದುರುತ್ತದೆ. ಡಬ್ಬಿಯ ಉಸಿರು ಅದಕ್ಕಿಂತ ಕೆಳಗೆ, ಐವತ್ತೈದರ ಸುತ್ತ ಇರುವಂತೆ ಲೆಕ್ಕ ಹಾಕಿದೆ.

ಲೆಕ್ಕ ನನ್ನದು, ಮರಗೆಲಸ ಮಾಡುವವರು ಯಾರು? ಊರಲ್ಲಿ ಕೇಳಿದರೆ ಎಲ್ಲರೂ ಆಗದೆಂದು ಕೈಯಲ್ಲಾಡಿಸಿದರು. ಯಾರೋ ಔರಾದದ ಮಾನಪ್ಪ ಬಡಿಗೇರನ ಹೆಸರು ಹೇಳಿದರು. ಬಾಗಿಲ ಚೌಕಟ್ಟು ಮಾಡುವುದರಲ್ಲಿ ಆ ಸೀಮೆಗೆಲ್ಲ ಹೆಸರಾದ ಮನೆತನ. ಪ್ಲೈವುಡ್ ಹಾಳೆ ಹೇರಿಕೊಂಡು ಹೋದೆ. ಮಾನಪ್ಪ ಹಾಳೆಯನ್ನು ಬೆರಳಿನಿಂದ ಕುಟ್ಟಿ ನೋಡಿ ಮುಖ ಸಿಂಡರಿಸಿದ.

"ಇದಕ್ಕ ನಾ ಉಳಿ ಹಚ್ಚಬೇಕಾ? ಇದು ಕಟ್ಟಗೀನೇ ಅಲ್ಲ. ಅಂಟು ಮೆತ್ತಿದ ರದ್ದಿ."

"ಮಾಡಂಗಿದ್ರ ಮಾಡು, ಇಲ್ಲಂದ್ರ ಹೊತ್ಕೊಂಡ್ ಹೋಗ್ತೀನಿ. ನಿನ್ನ ಭಾಷಣ ಕೇಳಾಕ ಬಂದಿಲ್ಲ ನಾ."

ಅವನು ನನ್ನನ್ನು ಕೆಕ್ಕರಿಸಿ ನೋಡಿ ಹಾಳೆ ಒಳಗೆ ತೆಗೆದುಕೊಂಡ. ಅವನ ಕೆಲಸದ ಚಪ್ಪರ ಖಾಲಿ ಇತ್ತು. ಒಂದು ಚೌಕಟ್ಟು ಕೂಡ ಗೋಡೆಗೆ ಒರಗಿರಲಿಲ್ಲ. ಅದನ್ನು ನಾನು ನೋಡಿದೆ, ಅದರ ಬಗ್ಗೆ ಏನೂ ಯೋಚಿಸಲಿಲ್ಲ.

ಕೆಲಸ ಮಾತ್ರ ಹೊಗಳಲೇಬೇಕು. ಮೂಲೆಗಳ ಕೂಡಿಕೆಯಲ್ಲಿ ಕಾಗದ ತೂರುತ್ತಿರಲಿಲ್ಲ. ಎರಡು ಪಕ್ಕದ ಹಲಗೆಗಳು ಅದುರದಂತೆ ನಡುವೆ ಒಂದು ಅಡ್ಡಪಟ್ಟಿ ಕೂಡಿಸಬೇಕಿತ್ತು. ನಾನು ಪ್ಲೈವುಡ್ಡಿನದೇ ಸಾಕೆಂದಿದ್ದೆ. ಅವನು ನನ್ನ ಮಾತು ಮೀರಿ ಹಳೇ ಸಾಗವಾನಿಯ ದಪ್ಪ ತುಂಡು ಹಾಕಿದ್ದ. ಬೈದೆ. ಆದರೆ ಪಟ್ಟಿ ಬಿಗಿಯಾಗಿದ್ದರೆ ಆಯಿತು, ಯಾವ ಮರವಾದರೇನು ಎಂದು ಬಿಟ್ಟೆ. ಕೈ ಆಡಿಸಿ ನೋಡಿದಾಗ ಎಲ್ಲ ಕಡೆ ನುಣ್ಣಗಿತ್ತು.

ಬೀದರಿಗೆ ತಂದು ಸ್ಪೀಕರ್, ಕ್ರಾಸ್‌ಓವರ್, ಆಂಪ್ಲಿಫೈಯರ್ ಕೂಡಿಸಿದೆ. ಕೆಳಸ್ವರವನ್ನು ಕೋನಿಗೂ ಮೇಲುಸ್ವರವನ್ನು ಡ್ರೈವರಿಗೂ ಹಂಚಿ ಕೊಡುವುದು ಕ್ರಾಸ್‌ಓವರ್. ಅಳತೆಯ ಮೈಕ್ ಮುಂದಿಟ್ಟು ಎಪ್ಪತ್ತು ಹರ್ಟ್ಸ್‌ನಿಂದ ಹದಿನೈದು ಸಾವಿರದವರೆಗೆ ನೋಡಿದರೆ ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಬಂತು. ನನಗೆ ಎದೆಯುಬ್ಬಿತು. ಅಂಗಡಿಗೆ ಬಂದಿದ್ದ ಒಬ್ಬ ಡಿಜೆ ಡಬ್ಬಿಯ ನೆತ್ತಿಗೆ ಅಂಗೈ ಇಟ್ಟು, "ಏನ್ ಶಿಂದೆ ಸಾಹೇಬ್ರ, ಇದ್ರಾಗ ಜೀವಾನೇ ಇಲ್ಲಲ್ರಿ" ಎಂದ. ಅಂಗಡಿಯಿಂದ ಇಳಿದು ಹೋಗು ಎಂದೆ. ಮೇ ಮೊದಲ ವಾರ ಜಯಶೀಲಾ ಬಂದು ಡಬ್ಬಿ ಒಯ್ದರು. ಧನ್ಯವಾದ ಹೇಳಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಭಾಲ್ಕಿಯಲ್ಲಿ ತಗಡಿನ ಮಾಡಿನ ಅವರ ಬಾಡಿಗೆ ಕೋಣೆಯಲ್ಲಿ ಆ ತಿಂಗಳೆಲ್ಲ ಅದು ಇತ್ತು. ಅಕ್ಕಪಕ್ಕದವರಿಗೆ ತೊಂದರೆಯೆಂದು ಅಲ್ಲಿ ಅದನ್ನು ಜೋರಾಗಿ ನುಡಿಸಿರಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಚರ್ಚಿನಲ್ಲಿ ಹಾಡಿನ ತಾಲೀಮು. ಡಬ್ಬಿಯನ್ನು ಎಲ್ಲಿಡಬೇಕು ಎಂದು ತೋರಿಸಲು ನಾನೂ ಹೋದೆ. ಹೊರಗೆ ಬಿಸಿಲು ಧಗಧಗ. ಪುಣೆ, ಹೈದರಾಬಾದಿನಿಂದ ಬಂದ ಮಂದಿ ಚಪ್ಪಲಿ ಹೊರಗೆ ಬಿಟ್ಟು ಜಮಖಾನೆಗಳ ಮೇಲೆ ಕೂತಿದ್ದರು. ಎಲ್ಲರಿಗಿಂತ ಮುಂದೆ ಮಾರ್ಥಮ್ಮ ಎಂಬ ವಯಸ್ಸಾದ ಹೆಂಗಸು. ಮಗನ ಜೊತೆ ಪುಣೆಗೆ ಹೋಗಿದ್ದವರು ಹಿಂದಿನ ದಿನ ಬಂದಿಳಿದಿದ್ದರು. ದೇವದಾಸಪ್ಪ ಕುರ್ಚಿ ಹಾಕಿಸಿಕೊಂಡು ಕೈಕಟ್ಟಿ ಕೂತಿದ್ದರು. ಅವರ ಹಾರ್ನ್ ಕಿಟಕಿಯಲ್ಲಿ ಇನ್ನೂ ಇತ್ತು.

ಜಯಶೀಲಾ ಮೊದಲ ಹಾಡು ಶುರು ಮಾಡಿದರು. ಚೊಕ್ಕಟ ದನಿ. ಎರಡನೇ ಸಾಲಿಗೆ ಐದನೇ ತಂತಿ ಮೀಟಿದಾಗ ಡಬ್ಬಿಯಿಂದ "ಗರ್‌ರ್" ಎಂದಿತು. ಇನ್ನೊಮ್ಮೆ ಮೀಟಿದರು. ಮತ್ತೆ ಗರ್‌ರ್. ಬೇರೆ ತಂತಿಗಳಿಗೆ ಸದ್ದಿಲ್ಲ, ಅದೊಂದಕ್ಕೇ.

ದೇವದಾಸಪ್ಪ ಎದ್ದು ನಿಂತರು. "ಕೇಳಿದ್ರಿಲ್ಲೋ? ನನ್ನ ಹಾರ್ನ್ ಖರಾಬ್ ಅಂದ್ಳು. ಹೊಸಾದು ತಂದ್ಳು. ಈಗೇನಂತಾಳ? ನಾ ಮೊದ್ಲಿಂದ ಹೇಳ್ತೀನಿ, ಇದು ಆರಾಧನಾ, ಬರಾತ್ ಅಲ್ಲ. ನಾಳಿಗೆ ಈ ಗಿಟಾರ್ ಒಳಗ ಬರಂಗಿಲ್ಲ, ಮುಗೀತು."

ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಪಾದ್ರಿಯವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ಜಯಶೀಲಾ ನನ್ನ ಕಡೆ ತಿರುಗಿದ ರೀತಿ ನನಗೆ ಇನ್ನೂ ನೆನಪಿದೆ.

"ಏನ್ರಿ ಇದು? ಏನೂ ಸೇರಸಂಗಿಲ್ಲ ಅಂದಿದ್ರಲ್ಲ?"

"ನನ್ನ ಡಬ್ಬಿಯಿಂದ ಬಂದದ್ದಲ್ಲ ಅದು. ನಿಮ್ಮ ಗಿಟಾರ್ ನೋಡ್ಕೋರಿ" ಎಂದೆ. ಆದರೆ ಕಿವಿ ಒಪ್ಪಲಿಲ್ಲ. ಗಿಟಾರ್ ಕಳಚಿ, ಮೊಬೈಲಿನಿಂದ ಆ ತಂತಿಯ ನೂರಾಹತ್ತು ಹರ್ಟ್ಸ್ ಸ್ವರವನ್ನು ನೇರ ಡಬ್ಬಿಗೆ ಕೊಟ್ಟೆ. ಗರ್‌ರ್. ಸದ್ದು ನನ್ನ ಡಬ್ಬಿಯದೇ. ದೇವದಾಸಪ್ಪ ನಗುತ್ತಿದ್ದರು.

ಡಬ್ಬಿ ಎತ್ತಿ ಅಂಗಳದ ಬೇವಿನ ಮರದ ನೆರಳಿಗೆ ತಂದೆ. ಊರೆಲ್ಲ ಹಿಂದೆ ಬಂತು. ಒಳಗಿನಿಂದ ವೈರು ಎಳೆದು ಅದೇ ಸ್ವರ ಹಚ್ಚಿಟ್ಟು ಹಲಗೆ ಒತ್ತಿ ನೋಡಿದೆ, ಸ್ಕ್ರೂ ಬಿಗಿ ಮಾಡಿದೆ, ವೈರು ಅಲ್ಲಾಡಿಸಿದೆ. ಇಂಥ ಸದ್ದನ್ನು ಹುಡುಕುವುದು ಬಹಳ ಕಷ್ಟ. ಹುಟ್ಟುವುದು ಒಂದು ಕಡೆ, ಕೇಳಿಸುವುದು ನಾಲ್ಕು ಕಡೆ. ಹಿಂದೆ ನಿಂತವರು ಒಬ್ಬೊಬ್ಬರೂ ಒಂದೊಂದು ಸಲಹೆ ಕೊಡತೊಡಗಿದರು. ಬಾಯಿ ಮುಚ್ಚಿಕೊಂಡು ನಿಲ್ಲಿ ಎಂದು ಗದರಿದೆ.

ಜಯಶೀಲಾ ತಮ್ಮ ಬ್ಯಾಗಿನಿಂದ ಸ್ಟೆತೊಸ್ಕೋಪ್ ತೆಗೆದರು. ಡ್ಯೂಟಿ ಮುಗಿಸಿ ನೇರ ಬಂದವರು. ಮಂಡಿಯೂರಿ ಕೂತು ಡಬ್ಬಿಯ ಒಂದೊಂದು ಹಲಗೆಗೆ ಅದನ್ನಿಟ್ಟು ಕೇಳಿದರು. ನೆತ್ತಿ, ಬೆನ್ನು, ಎಡಮಗ್ಗಲು. ಬಲಮಗ್ಗಲಿನ ನಡುವೆ ಬಂದಾಗ ಕೈ ನಿಂತಿತು.

"ಇಲ್ಲದರಿ. ಒಳಗ ಏನೋ ಸಡ್ಲ ಆಗ್ಯಾದ."

ಸರಿಯಾಗಿ ಅಡ್ಡಪಟ್ಟಿ ಕೂಡುವ ಜಾಗ. ಸ್ಪೀಕರ್ ಬಿಚ್ಚಿ ಕೈ ಒಳಗೆ ಹಾಕಿದೆ. ಸಾಗವಾನಿ ಪಟ್ಟಿಯ ಅಡಿಯಲ್ಲಿ ಬೆರಳಿಗೆ ಒಂದು ಮರದ ಬಿರಡೆ ಸಿಕ್ಕಿತು. ಹೊಸದಿದ್ದಾಗ ಮಟ್ಟಸವಾಗಿ ಕೂತಿದ್ದದ್ದು ತಗಡಿನ ಮಾಡಿನ ಕೆಳಗಿನ ಸೆಕೆಗೆ ಒಣಗಿ ಕುಗ್ಗಿ ಸಡಿಲಾಗಿತ್ತು. ಎಳೆದೆ, ಬಂತು. ಅದರ ಹಿಂದೆಯೇ ಕೆಂಪು ಬಟ್ಟೆಯ ಒಂದು ಪುಟ್ಟ ಗಂಟು ನನ್ನ ಅಂಗೈಗೆ ಬಿತ್ತು. ಬಿಚ್ಚಿದರೆ ಒಂದು ಅರಿಶಿನ ಕೊಂಬು, ತಾಮ್ರದ ಚೂರು, ನಾಲ್ಕು ಜೋಳದ ಕಾಳು.

ದೇವದಾಸಪ್ಪನವರ ದನಿ ಅವರ ಹಾರ್ನಿಗಿಂತ ಜೋರಾಗಿ ಎದ್ದಿತು.

"ಮಾಟ! ಯಪ್ಪಾ, ದೇವ್ರ ಮನ್ಯಾಗ ಮಾಟ ತಂದಾಳ! ಸುಡ್ರಿ ಅದನ್ನ. ಡಬ್ಬಿ ಸಮೇತ ಸುಡ್ರಿ!"

ಗುಂಪಿನಲ್ಲಿ ಗುಲ್ಲೆದ್ದಿತು. ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಯಾರೋ ನನ್ನ ಕಡೆ ಕೈ ಮಾಡಿ, "ಇಂವಾ ಯಾರು? ಇವನ್ನ ಮೊದ್ಲ ಕೇಳ್ರಿ" ಎಂದರು. ನಾನು ಬೌದ್ಧ ಮನೆತನದವನು. ಮಾಟ, ಮಂತ್ರ, ನಿಂಬೆಹಣ್ಣು ಯಾವುದೂ ನನಗೆ ಆಗಿಬರುವುದಿಲ್ಲ. ನನ್ನ ಮೇಲೆಯೇ ಮಾಟದ ಮಾತು ಬಂದಾಗ ಸಿಟ್ಟು ತಡೆಯಲಾಗಲಿಲ್ಲ. ಮಾನಪ್ಪನಿಗೆ ಫೋನ್ ಹಚ್ಚಿ, "ಇದ್ದ ಹಂಗ ಬಾ. ನೀ ಏನ್ ಮಾಡೀದಿ ನೋಡು ಬಾ" ಎಂದು ಕೂಗಿದೆ.

ಔರಾದ ದೂರವಿರಲಿಲ್ಲ. ಅರ್ಧ ಗಂಟೆಯಲ್ಲಿ ಮೋಟರ್‌ಸೈಕಲ್ ಮೇಲೆ ಬಂದ. ಬಿಚ್ಚಿದ ಡಬ್ಬಿ ನೋಡಿದ, ನನ್ನ ಕೈಯಲ್ಲಿದ್ದ ಗಂಟು ನೋಡಿದ. ತಪ್ಪಿತಸ್ಥನ ಮುಖ ಮಾಡಿಯಾನು ಎಂದುಕೊಂಡಿದ್ದೆ. ಅವನು ನನ್ನ ಮೇಲೇ ಹರಿಹಾಯ್ದ.

"ಅದನ್ನ ಯಾಕ ತಗದ್ರಿ? ಯಾರ್ ಹೇಳಿದ್ರು ನಿಮಗ ತಗೀಂತ?"

"ನೀ ಯಾಕ ಇಟ್ಟಿ, ಅದನ್ನ ಹೇಳು ಮೊದ್ಲು!"

"ಯಾಕಂದ್ರ? ನಾಕ ಮೂಲಿ ಕೂಡ್ಸಿದ ಮ್ಯಾಲ ಅದು ಚೌಕಟ್ಟು. ಚೌಕಟ್ಟ ಮಾಡಿದ್ರ ನಾವ್ ಇದನ್ನ ಇಟ್ಟೇ ಇಡ್ತೀವಿ. ನಮ್ಮಪ್ಪ ಇಟ್ಟಾನ, ನಮ್ಮಜ್ಜ ಇಟ್ಟಾನ. ಒಳಗ ಇದ್ದವ್ರು ಹಸದ ಮಲಗಬಾರ್ದು ಅಂತ ಇಡೋದು. ಮಾಟ ಅಂತ, ಮಾಟ! ಈ ವರ್ಷ ಯಾರ್ ಮನಿ ಕಟ್ಟ್ಯಾರ ಈ ಸೀಮ್ಯಾಗ? ಇದ್ದ ಮನಿಗೇ ಕೀಲಿ ಹಾಕ್ಕೊಂಡು ಹೋಗೀರಿ ಎಲ್ಲಾರೂ. ವರ್ಷದಾಗ ನಾ ಕೂಡ್ಸಿದ್ದು ಇದೊಂದ ಚೌಕಟ್ಟು. ಅದೂ ಈ ರದ್ದಿ ಕಟ್ಟಗೀದು."

ಕೀಲಿ ಹಾಕಿಕೊಂಡು ಹೋದವರು ಎದುರಿಗೇ ನಿಂತಿದ್ದರು. ಆದರೆ ದೇವದಾಸಪ್ಪ ಸೋಲುವವರಲ್ಲ.

"ನಿಮ್ಮ ಮಂದಿ ಮನ್ಯಾಗ ಏನಾರ ಇಟ್ಕೋರಿ. ಇದು ಕ್ರಿಸ್ತನ ಮನಿ. ಇದರೊಳಗ ಇಂಥಾದ್ದು ಹಾದು ಹೋಗಂಗಿಲ್ಲ."

ಮಾನಪ್ಪ ನಕ್ಕ. ಒಳ್ಳೆಯ ನಗು ಅಲ್ಲ ಅದು. ಚರ್ಚಿನ ದೊಡ್ಡ ಬಾಗಿಲಿನ ಕಡೆ ಕೈ ತೋರಿಸಿದ.

"ಆ ಬಾಗಲಾ ಯಾರ್ ಮಾಡ್ಯಾರ ಗೊತ್ತದೇನ್ರಿ ಯಜಮಾನ್ರ? ನಮ್ಮಜ್ಜ. ದೊರಿಗೋಳು ಕರಿಸಿ ಮಾಡಿಸ್ಯಾರ. ದೇವ್ರ ಮನಿ ಅಂತ್ಹೇಳಿ ನಮ್ಮಜ್ಜ ಬಿಟ್ಟಾನ ಅಂತೀರೇನು? ದೇವ್ರ ಮನಿ ಅಂತ್ಹೇಳಿ ಎರಡ ಇಟ್ಟಿರ್ತಾನ!"

ಎಲ್ಲರ ತಲೆಯೂ ಒಟ್ಟಿಗೆ ಬಾಗಿಲ ಕಡೆ ತಿರುಗಿತು. ಎತ್ತರದ ಸಾಗವಾನಿ ಬಾಗಿಲು, ಕಮಾನು, ನೂರಾರು ಕಾಲುಗಳು ತುಳಿದು ನಡುವೆ ಸವೆದುಹೋದ ಹೊಸ್ತಿಲು. ಆ ಊರಿನ ಮದುವೆಗಳೆಲ್ಲ ಅದನ್ನು ದಾಟಿ ಒಳಗೆ ಹೋಗಿದ್ದವು, ಹೆಣಗಳೆಲ್ಲ ಅದನ್ನು ದಾಟಿ ಹೊರಗೆ ಬಂದಿದ್ದವು.

"ಸುಳ್ಳ!" ಎಂದರು ದೇವದಾಸಪ್ಪ.

"ಸುಳ್ಳಲ್ಲೋ ದೇವದಾಸ" ಎಂದರು ಮಾರ್ಥಮ್ಮ. "ಔರಾದ ಬಡಿಗೇರ ಮಾಡಿದ್ದಂತ ನಮ್ಮವ್ವ ಹೇಳತಿದ್ಳು."

"ಹಂಗಿದ್ರ ಹೊಸ್ತಿಲಾ ಕೀಳ್ರಿ! ಹಾರಿ ತರ್ರಿ, ಯಾರದಿರಿ ಅಲ್ಲಿ! ಕಿತ್ತು ನೋಡೇ ಬಿಡೂಣು!"

ಯಾರೂ ಹಾರೆ ತರಲಿಲ್ಲ. ಇನ್ನೊಮ್ಮೆ ಕೂಗಿದರು. ಮಾರ್ಥಮ್ಮ ಸೆರಗು ತಲೆಗೆ ಹೊದ್ದುಕೊಂಡು, ಬೇವಿನ ಮರದಿಂದ ಬಾಗಿಲವರೆಗೆ ನಿಧಾನ ನಡೆದು ಹೋದರು. ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತರು. ಬಗ್ಗಿ ನೋಡಿದರು. ಆಮೇಲೆ ಎಂದಿನಂತೆ ಬಲಗೈಯಿಂದ ಚೌಕಟ್ಟು ಹಿಡಿದುಕೊಂಡು ದಾಟಿ ಒಳಗೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಅವರ ಹಿಂದೆ ಅವರ ಸೊಸೆ ಹೋದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಪಾದ್ರಿಯವರೂ ಹೋದರು. ಅಂಗಳದಲ್ಲಿ ನಾವು ನಾಲ್ಕು ಜನ ಉಳಿದೆವು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಜಯಶೀಲಾರ ಸರದಿ ಈಗ ಶುರುವಾಯಿತು. ನನ್ನ ಕೈಯಿಂದ ಗಂಟನ್ನು ಕಸಿದುಕೊಂಡರು.

"ಡಬ್ಬಿ ಯಾರ್ದು? ನಂದು. ಮಾನಪ್ಪ, ನೀವು ನನ್ನ ಕೇಳದ ಇಟ್ರಿ. ಇವ್ರು ನನ್ನ ಕೇಳದ ಸುಡ್ತೀನಂತಾರ. ಶಿಂದೆಯವ್ರ, ನೀವು ಒಳಗ ನೋಡದ ಸ್ಕ್ರೂ ಹೊಡದು ಕೊಟ್ರಿ. ಮೂರೂ ಮಂದಿ ಕೂಡಿ ನನ್ನ ಜಾಗಾ ಕಳದಿದ್ರಿ ಇವತ್ತು! ಬಾಗಲದಾಗ ಇದ್ದದ್ದು ಬಾಗಲದಾಗ ಇರ್ಲಿ, ಅದನ್ನ ಇಟ್ಟವ್ರು ಈಗಿಲ್ಲ. ಇದನ್ನ ತಗೋರಿ ಮಾನಪ್ಪ. ಒಳ್ಳೇದಕ್ಕ ಇಟ್ಟೀರಿ, ಗೊತ್ತಾತು. ಆದ್ರ ನನ್ನ ಡಬ್ಬಿಯಾಗ ಬ್ಯಾಡ."

ಮಾನಪ್ಪನ ಮುಖ ಕೆಂಪಾಯಿತು. ಗಂಟನ್ನು ಅಂಗಿ ಕಿಸೆಗೆ ಹಾಕಿಕೊಂಡು, ತನ್ನ ಚೀಲದಿಂದ ಒಣಗಿದ ಸಾಗವಾನಿ ಚೂರು ತೆಗೆದು, ಆ ತೂತಿಗೆ ಸರಿಯಾಗಿ ಕೆತ್ತಿ, ಅಂಟು ಹಚ್ಚಿ ಬಡಿದು ಕೂರಿಸಿದ. ನಾನು ಸ್ಪೀಕರ್ ಕೂಡಿಸಿ ನೂರಾಹತ್ತರ ಸ್ವರ ಕೊಟ್ಟೆ. ಗರ್‌ರ್ ಎನ್ನಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ನಮ್ಮ ನಮ್ಮ ಗಾಡಿ ಹತ್ತಿ ಹೋದೆವು.

ಐತವಾರ ಮತ್ತೆ ಹೋದೆ. ಯಾರೂ ಕರೆದಿರಲಿಲ್ಲ. ಚರ್ಚು ತುಂಬಿತ್ತು. ಪುಣೆಯಿಂದ ಬಂದ ಪೇಟಿಯವರೂ ಇದ್ದರು, ಆದರೆ ಅವರ ಕೈ ಸಿಮೆಂಟಿಗೆ ಒಡೆದುಹೋಗಿತ್ತು, ಬಾರಿಸಲಿಲ್ಲ. ಜಯಶೀಲಾ ತಮ್ಮ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನುಡಿಸಿದರು. ಡಬ್ಬಿ ಏನನ್ನೂ ಮುಚ್ಚಿಡಲಿಲ್ಲ. ಎರಡನೇ ಹಾಡಿನಲ್ಲಿ ಅವರ ಬೆರಳು ಒಂದು ಕಡೆ ಜಾರಿದ್ದು ಕೊನೆಯ ಸಾಲಿನಲ್ಲಿ ಕೂತ ನನಗೂ ಕೇಳಿಸಿತು. ಹಾಡು ಒಡೆಯಲಿಲ್ಲ. ಅಷ್ಟು ಜನರ ದನಿಯನ್ನು ಆ ಒಂದು ಗಿಟಾರ್ ಹಿಡಿದುಕೊಂಡು ಹೋಯಿತು. ಆರಾಧನೆ ಮುಗಿದ ಮೇಲೆ ಪಾದ್ರಿಯವರು ಮೊದಲ ಸಲ ಬಾಯಿ ಬಿಟ್ಟು, ಗಿಟಾರ್ ಇರುತ್ತದೆ ಎಂದರು. ದೇವದಾಸಪ್ಪನವರನ್ನು ಯಾರೋ ಕೇಳಿದರು, ಹ್ಯಾಂಗಿತ್ತು ಅಂತ. "ಸಪ್ಪಗದ" ಎಂದರು. ಫ್ಲಾಟ್ ರೆಸ್ಪಾನ್ಸ್ ಡಬ್ಬಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಯಾರೂ ಕೊಟ್ಟಿಲ್ಲ.

ಆದರೆ ದೇವದಾಸಪ್ಪ ಅವತ್ತು ಒಳಗೆ ಬಂದದ್ದು ದೊಡ್ಡ ಬಾಗಿಲಿನಿಂದಲ್ಲ. ಪಾದ್ರಿಯವರು ನಿಲುವಂಗಿ ಹಾಕಿಕೊಳ್ಳುವ ಕೋಣೆಗೆ ಪಕ್ಕದಲ್ಲಿ ಒಂದು ಸಣ್ಣ ಬಾಗಿಲಿದೆ. ಅಲ್ಲಿಂದ ಬಗ್ಗಿಕೊಂಡು ಬಂದರು. ಮುಂದಿನ ವಾರವೂ ಅಲ್ಲಿಂದಲೇ. ಬದುಕಿರುವ ತನಕ ಅವರು ಆ ಹೊಸ್ತಿಲು ತುಳಿಯಲಿಲ್ಲ, ಜಯಶೀಲಾರ ಜೊತೆ ಮಾತಾಡಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಡಬ್ಬಿಯ ಗೆರೆ ನೆಟ್ಟಗೆ ಬಂದ ಮಾತ್ರಕ್ಕೆ ಡಬ್ಬಿಯೊಳಗೆ ಏನೂ ಇಲ್ಲ ಎಂದಲ್ಲ. ಮೈಕು ಅವತ್ತಿನ ದನಿಯನ್ನು ಹೇಳುತ್ತದೆ. ಮಾಡಿದವನ ಕೈ ಏನನ್ನು ರೂಢಿ ಮಾಡಿಕೊಂಡಿದೆ ಎಂಬುದನ್ನು ಹೇಳುವುದಿಲ್ಲ. ಅಂದಿನಿಂದ ಕೊನೆಯ ಸ್ಕ್ರೂ ಹಾಕುವ ಮುಂಚೆ ಬಡಿಗನನ್ನು ಎದುರು ನಿಲ್ಲಿಸಿಕೊಂಡು, ಒಳಗೆ ಏನಿಟ್ಟೀ ಎಂದು ಕೇಳುತ್ತೇನೆ. ಹೆಚ್ಚಿನವರು ಸಿಟ್ಟಾಗುತ್ತಾರೆ. ಆಗಲಿ.

ಆ ವರ್ಷ ಮಳೆ ಬಂತು. ಮರುವರ್ಷ ನನ್ನ ಅಂಗಡಿಯ ಬಾಗಿಲಿಗೆ ಗೆದ್ದಲು ಹಿಡಿದಾಗ ಬೇರೆ ದಾರಿಯಿಲ್ಲದೆ ಮಾನಪ್ಪನನ್ನೇ ಕರೆಸಿದೆ. ಅಷ್ಟರಲ್ಲಿ ಅವನ ಚಪ್ಪರದಲ್ಲಿ ಮತ್ತೆ ಚೌಕಟ್ಟುಗಳು ನಿಂತಿದ್ದವು. ದೊಡ್ಡ ಮನಸ್ಸು ಮಾಡಿ ಬಂದವನಂತೆ ಬಂದ. ಚೌಕಟ್ಟು ನಿಲ್ಲಿಸಿದ ಮೇಲೆ, ಒಳಗೆ ಏನಿಟ್ಟೀ ಎಂದು ಕೇಳಿದೆ.

"ನಿಮಗ ನಡಿಯಂಗಿಲ್ಲಲ್ಲ. ಇಟ್ಟಿಲ್ಲ" ಎಂದ. ನಂಬಿದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಚಹಾ ಕುಡಿಯುವಾಗ ದೇವದಾಸಪ್ಪನವರ ಮಾತು ಬಂತು. ಆ ಮನುಷ್ಯ ಇನ್ನೂ ಪಕ್ಕದ ಬಾಗಿಲಿನಿಂದಲೇ ಹೋಗುತ್ತಾರಂತೆ ಎಂದೆ. ಮಾನಪ್ಪ ಚಹಾದ ಬಸಿಯಿಂದ ತಲೆ ಎತ್ತಲಿಲ್ಲ.

"ಆ ಬಾಗಲಾ ನಾ ಮಾಡಿದ್ದು. ಹಳೇದು ಗೆದ್ಲ ತಿಂದಿತ್ತು. ಮೊದ್ಲಿದ್ದ ಪಾದ್ರಿಯವ್ರು ಮಾಡ್ಸಿದ್ರು."

"ಒಳಗ?"

"ಅದರಿ, ಇಡದ ಬಿಡ್ತೀನೇನು."

"ಅಲ್ಲೋ, ಅವತ್ತ ಅಷ್ಟ ಒದರಾಡ್ದಿ, ಇದೊಂದ ಯಾಕ ಹೇಳ್ಲಿಲ್ಲ? ಅವ್ರ ಬಾಯೇ ಬಂದ್ ಆಗ್ತಿತ್ತಲ್ಲ."

ಮಾನಪ್ಪ ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ಹೇಳಿದ್ರ ಆ ಮುದುಕ ಎಲ್ಲಿಂದ ಒಳಗ ಹೋಗ್ಬೇಕ್ರಿ?"